ಹಿಮವಿಲ್ಲದ ಸೀಮೆಯಲ್ಲಿ ಫ್ರಾಸ್ಟ್‌ಬೈಟ್: ಮಂಡ್ಯ ಜಿಲ್ಲೆಯ ಒಂದು ಪ್ರಕರಣ ಅಧ್ಯಯನ

ಮೈಸೂರು–ಮಂಡ್ಯ ಭಾಗದಲ್ಲಿ ಫ್ರಾಸ್ಟ್‌ಬೈಟ್ (ತೀವ್ರ ಚಳಿಗೆ ಚರ್ಮ, ಮಾಂಸ ಹೆಪ್ಪುಗಟ್ಟಿ ಆಗುವ ಗಾಯ) ಎಂದರೆ ಸಿಯಾಚಿನ್‌ನಲ್ಲಿ ಕಾವಲಿರುವ ಯೋಧರಿಗೋ ಹಿಮಾಲಯಕ್ಕೆ ಚಾರಣ ಹೋದವರಿಗೋ ಆಗುವ ತೊಂದರೆ ಎಂಬುದೇ ಬಹುತೇಕರ ತಿಳಿವಳಿಕೆ. ಚಳಿಗಾಲದ ನಸುಕಿನಲ್ಲೂ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪವಾದ ಈ ಸೀಮೆಯ ವೈದ್ಯರು ಅದನ್ನು ಪರೀಕ್ಷೆಗೆಂದು ಓದಿರುತ್ತಾರೆಯೇ ಹೊರತು ಕಣ್ಣಾರೆ ಕಂಡಿರುವುದು ಕಡಿಮೆ. ಆದರೆ ಇದೇ ಸೀಮೆಯ ಹಳ್ಳಿ ರಸ್ತೆಗಳಲ್ಲಿ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವವೊಂದು ಬೈಕಿನ ಹಿಂಬದಿಯಲ್ಲಿ ಕಟ್ಟಿಸಿಕೊಂಡು ದಿನವೂ ಓಡಾಡುತ್ತದೆ. ಹಸು ಎಮ್ಮೆಗಳ ಕೃತಕ ಗರ್ಭಧಾರಣೆಗೆ ಬಳಸುವ ವೀರ್ಯದ ಸ್ಟ್ರಾಗಳನ್ನು ಕಾಪಿಡುವ ದ್ರವ ಸಾರಜನಕ, ಅಂದರೆ ಎಲ್ಲರ ಬಾಯಲ್ಲಿರುವ ನೈಟ್ರೋಜನ್, ಅದು. ಇಲ್ಲಿ ವಿವರಿಸುವ ಪ್ರಕರಣ ಅಂತಹ ಒಂದು ಕ್ಯಾನ್‌ನಿಂದ ಚೆಲ್ಲಿದ ದ್ರವಕ್ಕೆ ಸಂಬಂಧಿಸಿದ್ದು. ರೋಗಿಯ ಒಪ್ಪಿಗೆ ಪಡೆದು ಬರೆಯಲಾಗಿದೆ. ಗುರುತು ಸಿಗದಂತೆ ವಯಸ್ಸು, ಊರು ಮತ್ತು ಕೆಲವು ಸಣ್ಣ ವಿವರಗಳನ್ನು ಬದಲಿಸಲಾಗಿದೆ.

ಹಿನ್ನೆಲೆ

ರೋಗಿ ಮೂವತ್ತರ ಹರೆಯದ ಗಂಡಸು. ವಿಶ್ವೇಶ್ವರಯ್ಯ ನಾಲೆಯ ಬಯಲಿನ ಕೆಲವು ಹಳ್ಳಿಗಳಲ್ಲಿ ಕೃತಕ ಗರ್ಭಧಾರಣೆ ಕಾರ್ಯಕರ್ತನಾಗಿ ದುಡಿಯುವವನು. ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಇರಲಿಲ್ಲ, ಆದರೆ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದ. ಮಾಡಿದ ಪ್ರತಿ ಗರ್ಭಧಾರಣೆಗೆ ಇಂತಿಷ್ಟು ಎಂಬ ಲೆಕ್ಕದಲ್ಲಿ ಬರುವ ಹಣವೇ ಆತನ ಸಂಪಾದನೆಯಾದ್ದರಿಂದ, ಕೆಲಸಕ್ಕೆ ಹೋಗದ ದಿನ ಆದಾಯವೂ ಇಲ್ಲ. ಮುಂದೆ ನಡೆದ ಹಲವು ತೀರ್ಮಾನಗಳ ಹಿಂದೆ ಈ ಒಂದು ಸಂಗತಿ ಇದೆ.

ಸಂಕ್ರಾಂತಿಯ ಕಿಚ್ಚು ಮುಗಿದ ವಾರದ ಒಂದು ಬೆಳಗ್ಗೆ ಆತ ದೊಡ್ಡ ಜಾರ್‌ನಿಂದ ತನ್ನ 3 ಲೀಟರ್‌ನ ಚಿಕ್ಕ ಕ್ಯಾನ್‌ಗೆ ನೈಟ್ರೋಜನ್ ತುಂಬಿಸಿಕೊಳ್ಳುತ್ತಿದ್ದ. ಹಿಂದಿನ ಎರಡು ದಿನ ಖಾಲಿ ಬಿದ್ದಿದ್ದ ಕ್ಯಾನ್ ಒಳಗೆಲ್ಲ ಬೆಚ್ಚಗಾಗಿತ್ತು. ಬೆಚ್ಚಗಿನ ಪಾತ್ರೆಗೆ ಈ ದ್ರವವನ್ನು ಒಮ್ಮೆಲೇ ಸುರಿದರೆ ಅದು ಭರ್ರನೆ ಕುದಿದು ಬಾಯಿಂದ ಹೊರಗೆ ಚಿಮ್ಮುತ್ತದೆ. ಮೊದಲು ಸ್ವಲ್ಪವೇ ಹುಯ್ದು ಪಾತ್ರೆ ತಣಿಯುವವರೆಗೆ ಕಾಯಬೇಕೆಂಬುದು ಆತನಿಗೂ ಗೊತ್ತಿತ್ತು. ಆದರೆ ಪಕ್ಕದ ಊರಿನಲ್ಲಿ ಬೆದೆಗೆ ಬಂದ ಹಸುವೊಂದು ಕಾಯುತ್ತಿತ್ತು. ಬೆದೆಯ ಹೊತ್ತು ಮೀರಿದರೆ ಹಸುವಿನ ಒಡೆಯ ಸುಮಾರು 21 ದಿನ ಕಾಯಬೇಕು, ಮಧ್ಯೆ ಇನ್ನೊಬ್ಬ ಕಾರ್ಯಕರ್ತನನ್ನು ಕರೆಸಿಕೊಂಡರೂ ಆಶ್ಚರ್ಯವಿಲ್ಲ. ಲಾಳಿಕೆಯಿಂದ ಮೇಲೆದ್ದ ದ್ರವ ಎಡಗಾಲಿನ ಕ್ಯಾನ್ವಾಸ್ ಶೂ ಮೇಲೆ ಬಿದ್ದು ಒಳಗಿನ ದಪ್ಪ ಕಾಲುಚೀಲವನ್ನು ನೆನೆಸಿತು.

ಇಲ್ಲಿ ಒಂದು ವಿವರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬರಿಗೈ ಮೇಲೆ ದ್ರವ ಸಾರಜನಕದ ಒಂದು ಹನಿ ಬಿದ್ದರೆ, ಚರ್ಮದ ಬಿಸಿಗೆ ಅದರ ಅಡಿಭಾಗ ಕೂಡಲೇ ಆವಿಯಾಗಿ, ಆ ಆವಿಯ ತೆಳು ಪದರದ ಮೇಲೆ ಹನಿ ಜಾರಿ ಹೋಗುತ್ತದೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರಿಗೆ ಹತ್ತಾರು ಬಾರಿ ಹೀಗಾಗಿ ಏನೂ ಆಗದೇ ಇರುವುದರಿಂದ, ಇದು ಅಷ್ಟೇನೂ ಅಪಾಯಕಾರಿಯಲ್ಲ ಎಂಬ ಹುಸಿ ಧೈರ್ಯ ಬೆಳೆಯುತ್ತದೆ. ಬಟ್ಟೆಗೆ ಇಂಗಿದ ದ್ರವದ ಕಥೆ ಬೇರೆ. ಅದು ಜಾರಿ ಹೋಗಲಾರದು, ಚರ್ಮಕ್ಕೆ ಅಂಟಿಕೊಂಡೇ ಪೂರ್ತಿ ಆವಿಯಾಗುತ್ತದೆ. ಆ ಅಷ್ಟೂ ಶಾಖವನ್ನು ಕೆಳಗಿನ ಮಾಂಸದಿಂದಲೇ ಎಳೆದುಕೊಳ್ಳುತ್ತದೆ. ಮಡಚಿದ ಪ್ಯಾಂಟಿನ ತುದಿ, ಉಣ್ಣೆಯ ಕೈಗವಸು, ಕ್ಯಾನ್ವಾಸ್ ಶೂ ಇವೆಲ್ಲ ಈ ಕಾರಣಕ್ಕೇ ಬರಿಮೈಗಿಂತ ಹೆಚ್ಚು ಅಪಾಯಕಾರಿ.

ಮೊದಲ ಕೆಲವು ಗಂಟೆಗಳು

ಶೂ ಮೇಲೆ ಬಿಳಿ ಹೊಗೆ ಏಳುತ್ತಿತ್ತು. ಆತ ಕಾಲನ್ನು ಎರಡು ಸಲ ನೆಲಕ್ಕೆ ಬಡಿದ, ಚುರುಕ್ಕೆಂದದ್ದು ಕೆಲವೇ ಕ್ಷಣಗಳಲ್ಲಿ ನಿಂತುಹೋಯಿತು. ನೋವು ನಿಂತದ್ದನ್ನು ಅಪಾಯ ತಪ್ಪಿತೆಂದು ತಿಳಿದು ಬೈಕ್ ಏರಿ ಹೊರಟ. ದಾರಿಯಲ್ಲಿ ಗೇರ್ ಬದಲಿಸುವಾಗ ಎಡಗಾಲಿನ ಬೆರಳುಗಳಿಗೆ ಲಿವರ್ ತಗಲಿದ್ದೇ ತಿಳಿಯುತ್ತಿರಲಿಲ್ಲ ಎಂದು ನಂತರ ಹೇಳಿದ. ಹಸುವಿನ ಕೆಲಸ ಮುಗಿಸಿ, ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತು ಶೂ ಕಳಚಿದಾಗ ಹೆಬ್ಬೆರಳೂ ಅದರ ಪಕ್ಕದ ಎರಡು ಬೆರಳುಗಳೂ ಬೆಳ್ಳಗೆ, ಹೊಳಪಿಲ್ಲದೆ, ಒತ್ತಿದರೆ ತಗ್ಗದಷ್ಟು ಗಟ್ಟಿಯಾಗಿದ್ದವು. ಉಗುರಿನ ಸುತ್ತ ಮಾತ್ರ ಸಣ್ಣ ಬೂದು ಗೆರೆ. ಮನೆಯ ಹಿರಿಯರೊಬ್ಬರು ರಕ್ತ ಓಡಲೆಂದು ಹರಳೆಣ್ಣೆ ಹಚ್ಚಿ ಗಸಗಸನೆ ಉಜ್ಜಿದರು.

ಸುಮಾರು ಅರ್ಧ ಗಂಟೆಯಲ್ಲಿ ಬೆರಳುಗಳು ಮೆದುವಾಗಿ, ಕೆಂಪು ನೇರಳೆ ಮಿಶ್ರ ಬಣ್ಣಕ್ಕೆ ತಿರುಗಿ, ತಡೆಯಲಾರದ ಉರಿ ಶುರುವಾಯಿತು. ನೋಡಿದವರಿಗೆಲ್ಲ ಅದು ಸುಟ್ಟ ಗಾಯದಂತೆಯೇ ಕಂಡಿತು. ಫ್ರಿಜ್‌ನಿಂದ ಐಸ್ ತಂದು ಬಟ್ಟೆಯಲ್ಲಿ ಕಟ್ಟಿ ಬೆರಳುಗಳ ಮೇಲಿಟ್ಟರು. ಉರಿ ತಗ್ಗಿದ್ದರಿಂದ ಅದನ್ನು ಬಹಳ ಹೊತ್ತು ತೆಗೆಯಲಿಲ್ಲ. ಮಧ್ಯಾಹ್ನದ ವೇಳೆಗೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಟೆಟನಸ್ ಚುಚ್ಚುಮದ್ದು, ನೋವಿನ ಮಾತ್ರೆ, ಡ್ರೆಸಿಂಗ್ ಆಗಿ, ಸುಟ್ಟ ಗಾಯ ಎಂಬ ಚೀಟಿಯೊಂದಿಗೆ ಮೈಸೂರಿಗೆ ಕಳಿಸಲಾಯಿತು. ಸಂಜೆ ಆಸ್ಪತ್ರೆ ಸೇರುವ ಹೊತ್ತಿಗೆ ಪಾದ ಊದಿತ್ತು, ಮೂರನೇ ಬೆರಳಿನ ಮೇಲೆ ತಿಳಿನೀರಿನ ಬೊಕ್ಕೆಗಳೂ ಹೆಬ್ಬೆರಳು ಮತ್ತು ಎರಡನೇ ಬೆರಳಿನ ತುದಿಯಲ್ಲಿ ರಕ್ತ ತುಂಬಿದ ಕಪ್ಪು ಬೊಕ್ಕೆಗಳೂ ಎದ್ದಿದ್ದವು. ತಿಳಿ ಬೊಕ್ಕೆ ಗಾಯ ಮೇಲ್ಪದರದಲ್ಲಿದೆ ಎಂಬುದನ್ನೂ, ರಕ್ತದ ಬೊಕ್ಕೆ ಒಳಚರ್ಮದ ರಕ್ತನಾಳಗಳವರೆಗೂ ಪೆಟ್ಟು ಬಿದ್ದಿದೆ ಎಂಬುದನ್ನೂ ಸೂಚಿಸುತ್ತದೆ.

ದೇಹದೊಳಗೆ ನಡೆದದ್ದು

ಚಳಿ ತಗುಲಿದ ಕೂಡಲೇ ದೇಹ ತನ್ನ ಒಡಲಿನ ಬಿಸಿ ಉಳಿಸಿಕೊಳ್ಳಲು ಕೈಕಾಲಿನ ತುದಿಗಳ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ. ಬೆರಳು, ಮೂಗು, ಕಿವಿಗಳೇ ಮೊದಲು ಬಲಿಯಾಗುವುದು ಇದರಿಂದ. ಅಂಗಾಂಶದ ಉಷ್ಣಾಂಶ ಸೊನ್ನೆಗಿಂತ ಸುಮಾರು ಅರ್ಧ ಡಿಗ್ರಿ ಕೆಳಗಿಳಿದಾಗ ಅದರೊಳಗಿನ ದ್ರವ ಹೆಪ್ಪುಗಟ್ಟುವ ಹಂತ ತಲುಪುತ್ತದೆ. ಹಿಮಪ್ರದೇಶದಲ್ಲಿ ನಿಧಾನವಾಗಿ ಆಗುವ ಫ್ರಾಸ್ಟ್‌ಬೈಟ್‌ನಲ್ಲಿ ಮಂಜಿನ ಹರಳುಗಳು ಮೊದಲು ಜೀವಕೋಶಗಳ ನಡುವಿನ ಜಾಗದಲ್ಲಿ ಹುಟ್ಟಿ, ಕೋಶದೊಳಗಿನ ನೀರನ್ನು ಹೊರಗೆಳೆದು, ಅದನ್ನು ಒಣಗಿಸಿ ಸಾಯಿಸುತ್ತವೆ. ದ್ರವ ಸಾರಜನಕದ ವೇಗಕ್ಕೆ ಕೋಶದ ಒಳಗೇ ಹರಳು ಕಟ್ಟುತ್ತದೆ. ಅದರ ಹಾನಿ ಇನ್ನೂ ನೇರ. ಚರ್ಮವೈದ್ಯರು ನರುಲಿಯನ್ನು ಸುಡಲು ಇದೇ ದ್ರವವನ್ನು ಬಳಸುವುದೂ ಈ ಗುಣಕ್ಕಾಗಿಯೇ.

ಆದರೆ ಈ ಪ್ರಕರಣದಲ್ಲಿ ಬೆರಳುಗಳ ಹಣೆಬರಹ ತೀರ್ಮಾನವಾದದ್ದು ಹೆಪ್ಪುಗಟ್ಟಿದ ಆ ಅರ್ಧ–ಮುಕ್ಕಾಲು ಗಂಟೆಯಲ್ಲಿ ಮಾತ್ರವಲ್ಲ. ಹೆಪ್ಪು ಕರಗಿ ರಕ್ತ ಮತ್ತೆ ಹರಿಯತೊಡಗಿದಾಗ, ಪೆಟ್ಟು ತಿಂದ ರಕ್ತನಾಳಗಳ ಒಳಪದರ ಸೋರುತ್ತದೆ, ಊತ ಬರುತ್ತದೆ, ಥ್ರೋಂಬಾಕ್ಸೇನ್‌ನಂತಹ ರಾಸಾಯನಿಕಗಳು ಬಿಡುಗಡೆಯಾಗಿ ನಾಳಗಳನ್ನು ಇನ್ನಷ್ಟು ಬಿಗಿದು, ಸಣ್ಣ ಸಣ್ಣ ಗರಣೆಗಳು, ಅಂದರೆ ನಾಳದೊಳಗೆ ಗಟ್ಟಿಯಾದ ರಕ್ತದ ಉಂಡೆಗಳು, ರಕ್ತದ ದಾರಿಯನ್ನು ಮುಚ್ಚುತ್ತವೆ. ಬದುಕುಳಿದ ಕೋಶಗಳೂ ಈ ಎರಡನೇ ಅಲೆಯಲ್ಲಿ ಸಾಯಬಹುದು, ಮತ್ತು ಇದು ಗಂಟೆಗಳಿಂದ ದಿನಗಳವರೆಗೆ ನಡೆಯುತ್ತದೆ. ಆದ್ದರಿಂದಲೇ ಕರಗಿದ ಭಾಗ ಮತ್ತೆ ಹೆಪ್ಪುಗಟ್ಟುವುದು ಅತ್ಯಂತ ಕೆಟ್ಟದ್ದು. 1812ರಲ್ಲಿ ರಷ್ಯಾದಿಂದ ಹಿಮ್ಮೆಟ್ಟುತ್ತಿದ್ದ ನೆಪೋಲಿಯನ್ನನ ಸೈನಿಕರು ರಾತ್ರಿ ಬೆಂಕಿಗೆ ಕಾಲು ಕಾಯಿಸಿ ಹಗಲು ಮತ್ತೆ ಹಿಮದಲ್ಲಿ ನಡೆದು ಕಾಲು ಕಳೆದುಕೊಂಡದ್ದನ್ನು ಸೇನಾ ಶಸ್ತ್ರವೈದ್ಯ ಲಾರೆ ಗಮನಿಸಿದ್ದ. ಅವನು ಅದಕ್ಕೆ ಕೊಟ್ಟ ಪರಿಹಾರ ಮಾತ್ರ ಹಿಮದಿಂದ ಉಜ್ಜುವುದು. ಆ ತಪ್ಪು ಸಲಹೆ ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು. ನಮ್ಮ ಹಳ್ಳಿಯ ಹರಳೆಣ್ಣೆ ತಿಕ್ಕುವಿಕೆಯನ್ನು ಕಂಡು ನಗುವವರು ಇದನ್ನೂ ನೆನಪಿಡಬೇಕು.

ಆಸ್ಪತ್ರೆಯ ಮೊದಲ ರಾತ್ರಿ

ಹೆಪ್ಪುಗಟ್ಟಿರುವ ಭಾಗ ಇನ್ನೂ ಗಟ್ಟಿಯಾಗಿದ್ದರೆ ಇಂದಿನ ಚಿಕಿತ್ಸೆ ಸ್ಪಷ್ಟ: 37ರಿಂದ 39 ಡಿಗ್ರಿಯ ನೀರಿನಲ್ಲಿ, ಬಣ್ಣ ಕೆಂಪು ನೇರಳೆಯಾಗಿ ಚರ್ಮ ಮೆದುವಾಗುವವರೆಗೆ ಮುಳುಗಿಸಿಡುವುದು, ಇದಕ್ಕೆ ಸಾಮಾನ್ಯವಾಗಿ ಅರ್ಧ ಗಂಟೆ ಸಾಕು. ಬೆಂಕಿ, ಬಿಸಿ ಇಟ್ಟಿಗೆ, ಹೀಟರ್ ಯಾವುದೂ ಕೂಡದು, ಏಕೆಂದರೆ ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯುವುದಿಲ್ಲ. ಈ ರೋಗಿಯ ಬೆರಳುಗಳು ಬೆಳಗ್ಗೆಯೇ ತಾವಾಗಿ ಕರಗಿದ್ದರಿಂದ ಆ ಹಂತ ದಾಟಿಹೋಗಿತ್ತು. ಮತ್ತೆ ಬಿಸಿನೀರಿಗಿಡುವುದರಿಂದ ಲಾಭವಿಲ್ಲವೆಂದು ತಂಡ ಅದನ್ನು ಬಿಟ್ಟಿತು.

ಎರಡನೇ ಪ್ರಶ್ನೆ ಗರಣೆ ಕರಗಿಸುವ ಔಷಧದ್ದು. ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಕೊಡುವ ಆಲ್ಟಿಪ್ಲೇಸನ್ನು ಆಳವಾದ ಫ್ರಾಸ್ಟ್‌ಬೈಟ್‌ನಲ್ಲಿ, ಭಾಗ ಕರಗಿದ 24 ಗಂಟೆಯೊಳಗೆ ಕೊಡುವ ಪದ್ಧತಿ ಇದೆ. ರಕ್ತನಾಳ ಹಿಗ್ಗಿಸುವ ಐಲೋಪ್ರೋಸ್ಟ್‌ಗೆ ತೀವ್ರ ಫ್ರಾಸ್ಟ್‌ಬೈಟ್‌ನ ಚಿಕಿತ್ಸೆಯಾಗಿ ಅಮೆರಿಕದಲ್ಲಿ 2024ರಲ್ಲಿ ಅನುಮತಿ ಸಿಕ್ಕಿದೆ. ಕಾಲಮಿತಿ ಇನ್ನೂ ಉಳಿದಿತ್ತು. ಆದರೆ ಗಾಯ ಬೆರಳುಗಳ ತುದಿಯ ಭಾಗಕ್ಕೆ ಸೀಮಿತವಾಗಿತ್ತು, ಹಾನಿಯ ದೊಡ್ಡ ಪಾಲು ಗರಣೆಗಿಂತ ನೇರ ಹೆಪ್ಪುಗಟ್ಟುವಿಕೆಯಿಂದ ಆದದ್ದು, ರಕ್ತಸ್ರಾವದ ಅಪಾಯವೋ ಸಣ್ಣದಲ್ಲ. ಐಲೋಪ್ರೋಸ್ಟ್ ಅಂದು ಕೈಗೆ ಸಿಗುವಂತಿರಲಿಲ್ಲ. ಆಲ್ಟಿಪ್ಲೇಸ್ ಬೇಡವೆಂದು ತೀರ್ಮಾನವಾಯಿತು. ಪಾದದ ಮಧ್ಯದವರೆಗೆ ಗಾಯ ಹರಡಿದ್ದರೆ ಉತ್ತರ ಬೇರೆ ಇರುತ್ತಿತ್ತು. ಸರಿಯೋ ತಪ್ಪೋ ಎಂಬುದಕ್ಕಿಂತ, ಪ್ರಶ್ನೆಯನ್ನು ಗಡುವಿನೊಳಗೆ ಎತ್ತಿ, ಕಾರಣ ಸಮೇತ ಬರೆದಿಟ್ಟದ್ದು ಆ ರಾತ್ರಿಯ ಒಳ್ಳೆಯ ಕೆಲಸ ಎಂಬುದು ನನ್ನ ಅಭಿಪ್ರಾಯ.

ಉಳಿದದ್ದು ಸರಳ, ಆದರೆ ಬೇಸರ ತರುವಷ್ಟು ನಿಯಮಬದ್ಧ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 12 ಮಿಲಿಗ್ರಾಂ ಲೆಕ್ಕದಲ್ಲಿ ಎರಡು ಹೊತ್ತಿಗೆ ಹಂಚಿದ ಐಬುಪ್ರೊಫೆನ್, ಕಾಲು ಎತ್ತರಿಸಿಡುವುದು, ಬೆರಳುಗಳ ನಡುವೆ ಹತ್ತಿ, ಸಡಿಲ ಡ್ರೆಸಿಂಗ್, ಲೋಳೆಸರದ ಜೆಲ್. ತಿಳಿ ಬೊಕ್ಕೆಗಳ ನೀರನ್ನು ಸೂಜಿಯಿಂದ ಹೀರಿ ತೆಗೆದರು, ರಕ್ತದ ಬೊಕ್ಕೆಗಳನ್ನು ಮುಟ್ಟಲಿಲ್ಲ. ಲೋಳೆಸರ ಹಿತ್ತಲಿನ ಮದ್ದಾದರೂ ಥ್ರೋಂಬಾಕ್ಸೇನ್ ತಗ್ಗಿಸುವ ಉದ್ದೇಶದಿಂದಲೇ ಅದನ್ನು ಇಲ್ಲಿ ಬಳಸುವುದು. ಎಲೆ ಸೀಳಿ ನೇರವಾಗಿ ತೆರೆದ ಗಾಯಕ್ಕೆ ಬಳಿಯುವುದು ಬೇರೆ ಮಾತು, ಅದರಿಂದ ಸೋಂಕು ಬರಬಹುದು. ಬೀಡಿ ಪೂರ್ತಿ ನಿಲ್ಲಬೇಕೆಂದು ಮೊದಲ ರಾತ್ರಿಯೇ ಹೇಳಲಾಯಿತು. ನಿಕೋಟಿನ್ ಅದೇ ಸಣ್ಣ ನಾಳಗಳನ್ನು ಬಿಗಿಯುತ್ತದೆ.

ಕತ್ತರಿಸುವ ಮಾತು

ಮೊದಲ ವಾರ ಮುಗಿಯುವ ಮುನ್ನ ಹೆಬ್ಬೆರಳೂ ಎರಡನೇ ಬೆರಳೂ ಬುಡದವರೆಗೆ ಕಪ್ಪಾಗತೊಡಗಿದವು. ಮೂರನೆಯದರ ತುದಿಯೂ ಕಂದಿತ್ತು. ಮೂರನ್ನೂ ಬುಡದಲ್ಲೇ ತೆಗೆದುಬಿಟ್ಟರೆ ಎರಡು ವಾರದಲ್ಲಿ ಮನೆಗೆ ಹೋಗಬಹುದು, ಸೋಂಕಿನ ಭಯವೂ ಇರುವುದಿಲ್ಲ ಎಂಬ ಅಭಿಪ್ರಾಯ ಒಬ್ಬ ಹಿರಿಯ ಶಸ್ತ್ರವೈದ್ಯರಿಂದ ಬಂತು. ಸಕ್ಕರೆ ಕಾಯಿಲೆಯವರ ಕೊಳೆತ ಬೆರಳುಗಳನ್ನು ದಿನವೂ ನೋಡುವ ವಾರ್ಡಿನಲ್ಲಿ ಅದು ಅಸಹಜ ಸಲಹೆಯಲ್ಲ. ಮನೆಯವರೂ ಒಪ್ಪಿದ್ದರು. ದುಡಿಯುವ ಜೀವ ಹಾಸಿಗೆಯಲ್ಲಿದೆ, ಮನೆಯಲ್ಲಿ ಸಾಲದ ಕಂತಿದೆ. ಹೋದದ್ದು ಹೋಗಲಿ, ಬೇಗ ಮುಗಿಯಲಿ ಎಂಬುದು ಅವರ ವಾದ.

ತಂಡದ ಇನ್ನಿಬ್ಬರು ಇದನ್ನು ವಿರೋಧಿಸಿದರು. ಫ್ರಾಸ್ಟ್‌ಬೈಟ್‌ನಲ್ಲಿ ಕಣ್ಣು ಎರಡು ಬಾರಿ ಮೋಸ ಮಾಡುತ್ತದೆ. ಮೊದಲ ಗಂಟೆಗಳಲ್ಲಿ ಗಾಯ ಇರುವುದಕ್ಕಿಂತ ಹಗುರವಾಗಿ ಕಾಣುತ್ತದೆ, ಮೊದಲ ವಾರಗಳಲ್ಲಿ ಇರುವುದಕ್ಕಿಂತ ಭೀಕರವಾಗಿ ಕಾಣುತ್ತದೆ. ಮೇಲಿನ ಚರ್ಮ ಕಪ್ಪು ಚಿಪ್ಪಾದರೂ ಅದರಡಿ ಜೀವಂತ ಅಂಗಾಂಶ ಇರಬಹುದು, ಸತ್ತದ್ದು ಮತ್ತು ಬದುಕಿದ್ದರ ನಡುವಿನ ಗೆರೆ ತಾನಾಗಿ ಮೂಡಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಜನವರಿಯಲ್ಲಿ ಹೆಪ್ಪುಗಟ್ಟಿದ್ದನ್ನು ಜುಲೈನಲ್ಲಿ ಕತ್ತರಿಸು ಎಂಬ ಮಾತು ಶೀತದೇಶಗಳ ಶಸ್ತ್ರವೈದ್ಯರಲ್ಲಿ ಹಿಂದಿನಿಂದ ಇದೆ. ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಬಳಸುವ ಮೂಳೆ ಸ್ಕ್ಯಾನ್ ಮಾಡಿಸಿದರೆ ರಕ್ತ ಹರಿಯುವ ಭಾಗ ಮುಂಚೆಯೇ ತಿಳಿಯಬಹುದು. ಈ ಕುಟುಂಬಕ್ಕೆ ಆ ಖರ್ಚು ಮತ್ತು ಓಡಾಟ ಸಾಧ್ಯವಾಗಲಿಲ್ಲ.

ಇಷ್ಟನ್ನೂ ಮನೆಯವರಿಗೆ ಹೇಳಿದಾಗ ಅದು ವೈದ್ಯರ ಕಾಲಹರಣದಂತೆಯೇ ಕೇಳಿಸಿತು. ತಿರುವು ಬಂದದ್ದು ರೋಗಿಯ ಕಸುಬಿನ ಮಾತಿನಿಂದ. ಕ್ಯಾನ್‌ನಿಂದ ತೆಗೆದ ಸ್ಟ್ರಾವನ್ನು ಹೇಗೆ ಕರಗಿಸುತ್ತೀರಿ ಎಂದು ಕಿರಿಯ ವೈದ್ಯೆಯೊಬ್ಬರು ಆತನನ್ನು ಕೇಳಿದರು. 37 ಡಿಗ್ರಿ ನೀರು, 30 ಸೆಕೆಂಡ್ ಎಂದು ತಟ್ಟನೆ ಉತ್ತರ ಬಂತು. ನೀರಿನ ಫ್ಲಾಸ್ಕ್ ಮತ್ತು ಥರ್ಮಾಮೀಟರ್ ಆತನ ಬೈಕಿನ ಚೀಲದಲ್ಲೇ ಇದ್ದವು. ಒಮ್ಮೆ ಕರಗಿಸಿದ್ದನ್ನು ಮತ್ತೆ ಕ್ಯಾನ್‌ಗೆ ಹಾಕುತ್ತೀರಾ? ಇಲ್ಲ, ಹಾಕಿದರೆ ಸತ್ತುಹೋಗುತ್ತದೆ. ಸ್ಟ್ರಾದೊಳಗಿನ ಜೀವ ಉಳಿದಿದೆಯೋ ಇಲ್ಲವೋ ಎಂದು ಹೊರಗಿನಿಂದ ನೋಡಿ ಹೇಳಬಲ್ಲಿರಾ? ಆಗುವುದಿಲ್ಲ, ಮೈಕ್ರೋಸ್ಕೋಪಿನಡಿ ಅಲುಗಾಟ ನೋಡಬೇಕು. ವೀರ್ಯಕ್ಕೆ ಗ್ಲಿಸರಾಲ್ ಬೆರೆಸಿರುವುದರಿಂದ ಹರಳಿನ ಪೆಟ್ಟು ತಡೆದುಕೊಳ್ಳುತ್ತದೆ, ನಿಮ್ಮ ಬೆರಳಿಗೆ ಆ ರಕ್ಷಣೆ ಇರಲಿಲ್ಲ. ಆದರೂ ಹೊರಗಿನಿಂದ ನೋಡಿ ತೀರ್ಮಾನಿಸಲಾಗದು ಎಂಬ ಮಾತು ಎರಡಕ್ಕೂ ಒಂದೇ ಎಂದು ಆಕೆ ವಿವರಿಸಿದರು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೆಂಡತಿಯನ್ನೂ ಅಣ್ಣನನ್ನೂ ಕರೆದು ತಾನೇ ಒಪ್ಪಿಸಿದ. ಗೇರ್ ಹಾಕುವ ಕಾಲಿನ ಹೆಬ್ಬೆರಳು ಬುಡದಿಂದ ಹೋದರೆ ಬೈಕೂ ಕಷ್ಟ, ನಡೆಯುವಾಗ ನೆಲ ಒತ್ತಿ ಮುಂದೆ ಸಾಗುವುದೂ ಕಷ್ಟ ಎಂಬುದು ಆತನಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಕಾದ ಅವಧಿ ಮತ್ತು ಫಲಿತಾಂಶ

ಕಾಯುವುದೆಂದರೆ ಸುಮ್ಮನಿರುವುದು ಎಂದು ಯಾರೂ ತಿಳಿಯಬಾರದು. ಒಣಗಿ ಕಪ್ಪಾಗಿರುವ ಬೆರಳನ್ನು ಕಾಯಬಹುದು. ಒದ್ದೆಯಾಗಿ, ವಾಸನೆ ಬಂದು, ಕೆಂಪು ಮೇಲಕ್ಕೇರಿ, ಜ್ವರ ಬಂದರೆ ಕಾಯುವಂತಿಲ್ಲ. ಈ ವ್ಯತ್ಯಾಸವನ್ನು ಹೆಂಡತಿಗೆ ಕಲಿಸಿ, ವಾರಕ್ಕೊಮ್ಮೆ ಬರುವ ಷರತ್ತಿನ ಮೇಲೆ ಮನೆಗೆ ಕಳಿಸಲಾಯಿತು. ಮೂರನೇ ವಾರದಲ್ಲಿ ಎರಡನೇ ಬೆರಳಿನ ಬದಿ ಒದ್ದೆಯಾಗಿ ಕೆಟ್ಟ ವಾಸನೆ ಬಂತು. ಆಕೆ ಅದೇ ದಿನ ಕರೆತಂದದ್ದರಿಂದ ಸಡಿಲ ಚಿಪ್ಪನ್ನು ತೆಗೆದು, ಆಂಟಿಬಯೋಟಿಕ್ ಕೊಟ್ಟು, ಮತ್ತೆ ಒಣಗಿಸಲು ಸಾಧ್ಯವಾಯಿತು. ಇನ್ನೆರಡು ದಿನ ತಡವಾಗಿದ್ದರೆ ಕಾಯುವ ನಿರ್ಧಾರವನ್ನೇ ಕೈಬಿಡಬೇಕಾಗುತ್ತಿತ್ತು. ಕಾಯುವ ಚಿಕಿತ್ಸೆಯ ನಿಜವಾದ ಭಾರ ಬಿದ್ದದ್ದು ಆಸ್ಪತ್ರೆಯ ಮೇಲಲ್ಲ, ಆಕೆಯ ಮೇಲೆ.

ಯುಗಾದಿ ಕಳೆದ ಮೇಲೆ ಗೆರೆ ಸ್ಪಷ್ಟವಾಯಿತು. ಮೂರನೇ ಬೆರಳಿನ ಕಪ್ಪು ಚಿಪ್ಪು ಕಳಚಿ ಅಡಿಯಲ್ಲಿ ಗುಲಾಬಿ ಚರ್ಮ ಬಂದಿತ್ತು. ಉಗುರು ಮಾತ್ರ ಹೋಗಿತ್ತು. ಹೆಬ್ಬೆರಳಿನ ತುದಿಯ ಮಾಂಸ ಮತ್ತು ಉಗುರು, ಎರಡನೇ ಬೆರಳಿನ ಕೊನೆಯ ಗೆಣ್ಣು, ಇಷ್ಟನ್ನು ಶಸ್ತ್ರಕ್ರಿಯೆಯಲ್ಲಿ ತೆಗೆಯಲಾಯಿತು. ಬುಡದಲ್ಲೇ ಮೂರು ಬೆರಳು ಎಂದು ಶುರುವಾದದ್ದು ಇಷ್ಟಕ್ಕೆ ನಿಂತಿತು. ಆ ಮೂರು ತಿಂಗಳ ಸಂಪಾದನೆ ಮಾತ್ರ ಹೋಯಿತು, ಅದನ್ನು ಯಾರೂ ತುಂಬಿಕೊಡಲಿಲ್ಲ.

ಗಾಯ ಮಾಗಿದ ಮೇಲೂ ಫ್ರಾಸ್ಟ್‌ಬೈಟ್ ಮುಗಿದಿರುವುದಿಲ್ಲ. ಮುಂದಿನ ಮಾರ್ಗಶಿರದ ಬೆಳಗ್ಗೆಗಳಲ್ಲಿ ಆತನ ಬೆರಳುಗಳು ಬಿಳಿಚಿ ಮರಗಟ್ಟುತ್ತಿದ್ದವು, ರಾತ್ರಿ ಕರೆಂಟ್ ಹೊಡೆದಂತೆ ನೋವು, ಬಲಗಾಲಿಗಿಂತ ಎಡಪಾದದಲ್ಲಿ ಹೆಚ್ಚು ಬೆವರು. ನರದ ನೋವಿಗೆ ಅಮಿಟ್ರಿಪ್ಟಿಲಿನ್ ಸಣ್ಣ ಪ್ರಮಾಣದಲ್ಲಿ ನೆರವಾಯಿತು. ಒಮ್ಮೆ ಹೆಪ್ಪುಗಟ್ಟಿದ ಭಾಗಕ್ಕೆ ಚಳಿಯ ಪೆಟ್ಟು ಮತ್ತೆ ಬೇಗ ತಗಲುತ್ತದೆ, ವರ್ಷಗಳ ನಂತರ ಕೀಲುಗಳಲ್ಲಿ ಸಂಧಿವಾತವೂ ಬರಬಹುದು. ಮಕ್ಕಳಲ್ಲಾದರೆ ಮೂಳೆಯ ಬೆಳವಣಿಗೆಯ ತುದಿಯೇ ಹಾಳಾಗಿ ಬೆರಳು ಗಿಡ್ಡವಾಗಿ ಉಳಿಯುವುದುಂಟು.

ಪ್ರಕರಣದಿಂದ ಬಳಕೆಗೆ ಬಂದದ್ದು

ಆತ ಕೆಲಸಕ್ಕೆ ಮರಳಿದಾಗ ಮೊದಲು ಬದಲಿಸಿದ್ದು ಪಾದರಕ್ಷೆ. ಎತ್ತರದ, ದ್ರವ ಹೀರದ ಬೂಟು, ಪ್ಯಾಂಟಿನ ತುದಿ ಬೂಟಿನ ಹೊರಗೆ, ಮಡಿಕೆ ಇಲ್ಲದೆ, ಸಡಿಲವಾದ, ಕೊಡವಿದರೆ ಕಳಚಿ ಬೀಳುವ ಕೈಗವಸು, ಕಣ್ಣಿಗೆ ಕನ್ನಡಕ. ಹುಯ್ಯುವುದು ಅಂಗಳದಲ್ಲಿ. ಇದು ಚಳಿಗಾಯಕ್ಕೆ ಸಂಬಂಧಿಸಿದ್ದಲ್ಲವಾದರೂ ಹೇಳಲೇಬೇಕು: 1 ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗುತ್ತದೆ, ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಅದು ಆಮ್ಲಜನಕವನ್ನು ಬದಿಗೊತ್ತಿ, ವಾಸನೆಯ ಸುಳಿವೂ ಕೊಡದೆ ಮನುಷ್ಯನನ್ನು ಬೀಳಿಸಬಲ್ಲದು.

ಬಟ್ಟೆ ಅಥವಾ ಶೂ ನೆನೆದರೆ ಆ ಕ್ಷಣವೇ ಕಳಚಬೇಕು. ಚರ್ಮಕ್ಕೆ ಅಂಟಿಕೊಂಡಿದ್ದರೆ ಎಳೆಯದೆ ಉಗುರುಬೆಚ್ಚಗಿನ ನೀರು ಹುಯ್ದು ಬಿಡಿಸಬೇಕು. ಬೆರಳು ಗಟ್ಟಿಯಾಗಿಯೇ ಇದ್ದರೆ, ಉಜ್ಜದೆ, 37ರಿಂದ 39 ಡಿಗ್ರಿ ನೀರಿಗಿಡಬೇಕು. ಈ ಕಸುಬಿನವರ ಬಳಿ ಅದನ್ನು ಅಳೆಯುವ ಸಾಧನ ಹೇಗೂ ಇರುತ್ತದೆ. ಕರಗಿದ ಮೇಲೆ ಐಸ್ ಇಡಬಾರದು, ಆ ಕಾಲ ಮೇಲೆ ನಡೆಯಬಾರದು. ಆರೋಗ್ಯ ಕೇಂದ್ರದ ಚೀಟಿಯಲ್ಲಿ ಸುಟ್ಟ ಗಾಯ ಎಂದಷ್ಟೇ ಬರೆಯದೆ ಮೂರು ಸಂಗತಿಗಳನ್ನು ಸೇರಿಸುವುದನ್ನು ನಾವೀಗ ಕೇಳಿಕೊಳ್ಳುತ್ತಿದ್ದೇವೆ: ಯಾವ ವಸ್ತು ತಗುಲಿತು, ಎಷ್ಟು ಗಂಟೆಗೆ ತಗುಲಿತು, ಎಷ್ಟು ಗಂಟೆಗೆ ಕರಗಿತು. ಈ ಪ್ರಕರಣದಲ್ಲಿ ಮೂರನೆಯ ಉತ್ತರವನ್ನು ಹುಡುಕಲು ಹಸುವಿನ ಒಡೆಯನಿಗೆ ರಾತ್ರಿ ಫೋನ್ ಮಾಡಬೇಕಾಯಿತು, ಮತ್ತು 24 ಗಂಟೆಯ ಗಡುವಿನ ಲೆಕ್ಕ ಶುರುವಾಗುವುದು ಆ ಉತ್ತರದಿಂದಲೇ.